ಹಡಗಿನಲ್ಲಿ ನಾಲ್ಕು ರಾತ್ರಿ: ‘ತಿಂಡಿ ಏನು’ ಅಂತ ಯಾರೂ ಕೇಳಲಿಲ್ಲ

ವಿಜಯನಗರ ಮೇಡಂ

ಹೋದ ತಿಂಗಳು ನಾನೂ ನಮ್ಮನೆಯವರೂ ಸಿಂಗಪುರದಿಂದ ಕ್ರೂಸ್ ಹಡಗಿನಲ್ಲಿ ಹೋಗಿ ಬಂದೆವು. ನಾಲ್ಕು ರಾತ್ರಿ. ಸಿಂಗಪುರ, ಮಲೇಷ್ಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್, ಒಂದು ದಿನ ಪೂರ್ತಿ ಸಮುದ್ರ, ಮತ್ತೆ ಸಿಂಗಪುರ. ಹೋಗುವ ಮುಂಚೆ ಕನ್ನಡದಲ್ಲಿ ಯಾರಾದರೂ ಬರೆದಿದ್ದಾರಾ ಅಂತ ಹುಡುಕಿದ್ದೆ. ಸಿಕ್ಕಿದ್ದೆಲ್ಲ ಕೇಕಿನ ಫೋಟೋ, ಈಜುಕೊಳದ ಫೋಟೋ. ಅದಕ್ಕೇ ನಾನೇ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಬೇಜಾರಾದರೆ ಬಿಟ್ಟುಬಿಡಿ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಅವರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತಿದ್ದರು. ಈಗ ಇಬ್ಬರೂ ರಿಟೈರ್ಡ್. ಮಗ ಹಡಗಿನ ಟಿಕೆಟ್ ಮಾಡಿಸುತ್ತೇನೆ ಅಂದಾಗ ಇವರಿಗೆ ಸುತರಾಂ ಇಷ್ಟ ಇರಲಿಲ್ಲ. “ಹೋಟೆಲ್ ಅಂದರೆ ಹೋಟೆಲ್. ಅದು ನೀರಿನ ಮೇಲಿದ್ದರೇನು, ಮಾಗಡಿ ರೋಡಿನ ಮೇಲಿದ್ದರೇನು” ಅಂದರು. ನಾನು ಸುಮ್ನೆ ಪಾಸ್‌ಪೋರ್ಟ್ ಹುಡುಕಿ ಮೇಜಿನ ಮೇಲಿಟ್ಟೆ.

ಮೊದಲ ದಿನವೇ ಪಜೀತಿ. ಹಡಗು ಹತ್ತುವಾಗ ಸೂಟ್‌ಕೇಸ್ ಕೆಳಗೇ ಕೊಡಬೇಕು, ಅವರೇ ರೂಮಿನ ಬಾಗಿಲಿಗೆ ತಂದಿಡುತ್ತಾರೆ. ಒಂದು ಬಂತು. ಇನ್ನೊಂದು ಸಂಜೆಯಾದರೂ ಬರಲಿಲ್ಲ. ಆಮೇಲೆ ಸೆಕ್ಯುರಿಟಿಯವರು ಕರೆಸಿದರು. ಪೆಟ್ಟಿಗೆಯಲ್ಲಿ ನನ್ನ ಎಲೆಕ್ಟ್ರಿಕ್ ಕೆಟಲ್, ಸಣ್ಣ ಇಸ್ತ್ರಿ ಪೆಟ್ಟಿಗೆ. ಎರಡನ್ನೂ ತೆಗೆದಿಟ್ಟುಕೊಂಡು ಚೀಟಿ ಕೊಟ್ಟರು, ಇಳಿಯುವ ದಿನ ವಾಪಸ್ ಅಂತ. ಕಳ್ಳಿಯ ಹಾಗೆ ನಿಂತಿದ್ದೆ. ಅಷ್ಟರಲ್ಲಿ ಆ ಮೇಜಿನ ಮೇಲೆ ಬೇರೆ ಯಾರದೋ ಮೂರು ರೈಸ್ ಕುಕ್ಕರ್ ಕಂಡವು. ಸ್ವಲ್ಪ ಸಮಾಧಾನ ಆಯಿತು.

ಸ್ಟೀಲಿನ ಕಾಫಿ ಫಿಲ್ಟರ್ ಮಾತ್ರ ಬಿಟ್ಟರು. ಬಫೆಯ ಮೆಷಿನ್ನಿನಲ್ಲಿ ಬಿಸಿನೀರು ಸಿಗುತ್ತದೆ. ಆದರೆ ಅದು ಕುದಿಯುವ ನೀರಲ್ಲ, ಡಿಕಾಕ್ಷನ್ ನಿಧಾನಕ್ಕೆ ತೆಳ್ಳಗೆ ಇಳಿಯುತ್ತದೆ. ಹಾಲು ತಣ್ಣಗಿರುತ್ತದೆ. ಅಂತೂ ಕಾಫಿ ಅಂತ ಕರೆಯಬಹುದು ಅನ್ನುವಷ್ಟು ಆಯಿತು. ಪಕ್ಕದ ಮೇಜಿನಲ್ಲಿದ್ದ ಚೆನ್ನೈನ ದಂಪತಿ ಅರ್ಧ ಲೋಟ ಕೇಳಿ ಕುಡಿದರು. ಮಾರನೇ ದಿನದಿಂದ ಅವರೂ ನಮ್ಮ ಮೇಜಿಗೇ ಬಂದರು.

ನಮ್ಮದು ಒಳಗಿನ ರೂಮು, ಕಿಟಕಿ ಇಲ್ಲ. ದೀಪ ಆರಿಸಿದರೆ ನಮ್ಮ ಕೈ ನಮಗೇ ಕಾಣುವುದಿಲ್ಲ. ಬೆಳಗಾಯಿತೋ ಇಲ್ಲವೋ ತಿಳಿಯಲು ಟಿ.ವಿ. ಹಾಕಬೇಕು. ಅದರಲ್ಲಿ ಒಂದು ಚಾನೆಲ್ ಹಡಗು ಎಲ್ಲಿದೆ, ಎಷ್ಟು ವೇಗದಲ್ಲಿದೆ ಅಂತ ತೋರಿಸುತ್ತಲೇ ಇರುತ್ತದೆ. 18 ನಾಟ್ ಅಂತಿತ್ತು. ಒಂದು ನಾಟ್ ಅಂದರೆ ಗಂಟೆಗೆ 1.852 ಕಿ.ಮೀ. ಅಲ್ಲಿಗೆ ಸುಮಾರು 33 ಕಿ.ಮೀ. ನಮ್ಮ ಬಿಎಂಟಿಸಿ ಬಸ್ಸು ಖಾಲಿ ರಸ್ತೆಯಲ್ಲಿ ಇದಕ್ಕಿಂತ ಜಾಸ್ತಿ ಓಡುತ್ತದೆ. ಆದರೆ ಈ ಹಡಗು ರಾತ್ರಿಯೆಲ್ಲ ನಿಲ್ಲುವುದಿಲ್ಲ, ಅದೇ ವ್ಯತ್ಯಾಸ.

ಈಗ ನಿಜವಾಗಿ ಹೇಳಬೇಕಾದ್ದು. ಎರಡನೇ ದಿನ ಬೆಳಿಗ್ಗೆ ಐದೂಕಾಲಿಗೆ ಎಚ್ಚರ ಆಯಿತು. ಮದುವೆಯಾಗಿ 31 ವರ್ಷದ ಅಭ್ಯಾಸ. ಎದ್ದು ಕೂತೆ. ಹಾಲು ಕಾಯಿಸುವ ಹಾಗಿಲ್ಲ. ರಾತ್ರಿ ನೆನೆಹಾಕಿದ ಕಾಳಿಲ್ಲ. ನೀರು ಬಿಟ್ಟಿದ್ದಾರಾ ಅಂತ ಸಂಪ್ ನೋಡುವುದಿಲ್ಲ. ಏನು ಮಾಡಬೇಕೋ ತಿಳಿಯದೆ ಹಾಸಿಗೆಯ ಬೆಡ್‌ಶೀಟ್ ಸರಿಮಾಡಿದೆ. ಆಮೇಲೆ ಚಪ್ಪಲಿ ಹಾಕಿಕೊಂಡು ಮೇಲಿನ ಡೆಕ್ಕಿಗೆ ಹೋದೆ. ಕತ್ತಲು, ಗಾಳಿ, ಕೆಳಗೆ ನೀರಿನ ಸದ್ದು. ಇನ್ನೂ ಇಬ್ಬರು ಹೆಂಗಸರು ನನ್ನ ವಯಸ್ಸಿನವರೇ, ಒಬ್ಬೊಬ್ಬರೇ ನಿಂತಿದ್ದರು. ಯಾರೂ ಮಾತಾಡಲಿಲ್ಲ. ಒಂದು ಗಂಟೆ ನಿಂತೆ. ಕೆಳಗೆ ಬಂದಾಗ ಇವರು ಎದ್ದಿದ್ದರು. ಬಾಯಿ ತೆಗೆದರು, “ಇವತ್ತು ತಿಂಡಿ...” ಅಂತ ಶುರು ಮಾಡಿದವರು ಅಲ್ಲಿಗೇ ನಿಲ್ಲಿಸಿದರು. ನಾನು ನಕ್ಕೆ. ಅವರಿಗೆ ನಗು ಬರಲಿಲ್ಲ, ಆಮೇಲೆ ಬಂತು.

ಪೆನಾಂಗ್ ಚೆನ್ನಾಗಿತ್ತು. ಫುಕೆಟ್‌ನಲ್ಲಿ ಟೈಮಿನದು ಒಂದು ಸಣ್ಣ ಗೊಂದಲ ಆಯಿತು, ಹೇಳುವಂಥದ್ದೇನಲ್ಲ. ಏನಾದರೂ ಕೇಳಬೇಕಿದ್ದರೆ ಕೇಳಿ.

ಮಾರತ್ತಹಳ್ಳಿ ಹೊಸಜೋಡಿ

ತುಂಬಾ ಚೆನ್ನಾಗಿ ಬರೆದಿದ್ದೀರಿ ಮೇಡಂ. ನಮ್ಮ ಮದುವೆಯಾಗಿ ನಾಲ್ಕು ತಿಂಗಳು. ಇದೇ ರೂಟಿಗೆ ಹೋಗಬೇಕು ಅಂತಿದ್ದೇವೆ. ಬಾಲ್ಕನಿ ರೂಮಿಗೆ ತುಂಬಾ ಜಾಸ್ತಿ ಹೇಳುತ್ತಿದ್ದಾರೆ. ಅಷ್ಟು ಕೊಡಬೇಕಾ? ನಿಮಗೆ ಒಟ್ಟು ಎಷ್ಟಾಯಿತು ಅಂತ ಹೇಳಬಹುದಾ? ವೀಸಾ ಕಥೆ ಏನು?

ವಿಜಯನಗರ ಮೇಡಂ

ವಿಮಾನ, ವೀಸಾ, ಸಿಂಗಪುರದಲ್ಲಿ ಎರಡು ರಾತ್ರಿ ಹೋಟೆಲ್, ಹಡಗು, ಮೇಲಿನ ಪುಡಿಗಾಸು ಎಲ್ಲ ಸೇರಿ ಇಬ್ಬರಿಗೆ 2 ಲಕ್ಷ 40 ಸಾವಿರ ಆಯಿತು. ಅದರಲ್ಲಿ ಹಡಗಿನದು ಅರ್ಧಕ್ಕಿಂತ ಕಡಿಮೆ.

ನಾವು ಬುಕ್ ಮಾಡಿದ ಏಜೆಂಟ್ “ಎಲ್ಲ ಸೇರಿದೆ” ಅಂದಿದ್ದರು. ಸೇರಿರಲಿಲ್ಲ. ದಿನಕ್ಕೆ ತಲೆಗೆ ಇಷ್ಟು ಡಾಲರ್ ಅಂತ ಟಿಪ್ಸ್ ಬೇರೆ ಹಾಕುತ್ತಾರೆ. ಅದೇ ಇಬ್ಬರಿಗೂ ಸೇರಿ ಹನ್ನೆರಡು ಸಾವಿರದ ಹತ್ತಿರ ಬಂತು. ಜ್ಯೂಸು, ಕೂಲ್‌ಡ್ರಿಂಕ್ಸ್, ವೈಫೈ ಎಲ್ಲಕ್ಕೂ ಬೇರೆ ದುಡ್ಡು. ಹಡಗಿನಲ್ಲಿ ನೋಟು ನಡೆಯುವುದಿಲ್ಲ. ರೂಮಿನ ಬಾಗಿಲು ತೆರೆಯುವ ಕಾರ್ಡಿನಲ್ಲೇ ಲೆಕ್ಕ. ಕಾರ್ಡು ಉಜ್ಜುವಾಗ ದುಡ್ಡು ಹೋದ ಹಾಗೇ ಅನ್ನಿಸುವುದಿಲ್ಲ, ಜೋಪಾನ.

ವೀಸಾ ವಿಷಯ: ಹಡಗು ಹತ್ತಿದರೆ ಸಿಂಗಪುರ ಬಿಟ್ಟು ಹೊರಗೆ ಹೋದ ಹಾಗೆ. ಕೊನೆಯಲ್ಲಿ ಮತ್ತೆ ಒಳಗೆ ಬರಬೇಕು. ಹಾಗಾಗಿ ಒಂದಕ್ಕಿಂತ ಹೆಚ್ಚು ಸಲ ಒಳಗೆ ಬಿಡುವ ವೀಸಾನೇ ಇರಬೇಕು. ಮಲೇಷ್ಯಾ, ಥಾಯ್ಲೆಂಡ್ ನಿಯಮ ಆಗಾಗ ಬದಲಾಗುತ್ತಿರುತ್ತದೆ, ಹೊರಡುವ ವಾರ ಇನ್ನೊಂದು ಸಲ ನೋಡಿಕೊಳ್ಳಿ.

ಬಾಲ್ಕನಿ? ಹೊಸ ಮದುವೆ, ತೆಗೆದುಕೊಳ್ಳಿ. ನಮಗೆ ಒಳಗಿನದೇ ಒಳ್ಳೆಯದಾಯಿತು. ಬಾಲ್ಕನಿ ಇದ್ದಿದ್ದರೆ ಇವರು ಅಲ್ಲೇ ಪೇಪರ್ ಹಿಡಿದು ಕೂತುಬಿಡುತ್ತಿದ್ದರು. ಕಿಟಕಿ ಇಲ್ಲದ್ದಕ್ಕೆ ಇಬ್ಬರೂ ಹೊರಗೆ ಓಡಾಡಿದೆವು.

ಲೆಕ್ಕದ ಪುಸ್ತಕ

ಒಂದು ಮಾತು ಸೇರಿಸುತ್ತೇನೆ. ಏಜೆಂಟರ ಮೂಲಕ ವಿದೇಶದ ಪ್ಯಾಕೇಜ್ ತೆಗೆದುಕೊಂಡರೆ ಬಿಲ್ಲಿನಲ್ಲಿ ಟಿಸಿಎಸ್, ಅಂದರೆ ಮೊದಲೇ ಹಿಡಿದುಕೊಳ್ಳುವ ತೆರಿಗೆ, ಅಂತ ಹಾಕಿರುತ್ತಾರೆ. ಅದು ಹೋದ ದುಡ್ಡಲ್ಲ. ಯಾರ ಪ್ಯಾನ್ ಮೇಲೆ ಕಟ್ಟಿದ್ದಾರೋ ಅವರ ಐಟಿ ರಿಟರ್ನ್‌ನಲ್ಲಿ ಲೆಕ್ಕಕ್ಕೆ ಬರುತ್ತದೆ, ಜಾಸ್ತಿ ಆಗಿದ್ದರೆ ವಾಪಸ್ ಬರುತ್ತದೆ. ಮಗ ಕಟ್ಟಿ ಅಪ್ಪನ ಪ್ಯಾನ್ ಕೊಟ್ಟು, ಅಪ್ಪ ರಿಟರ್ನ್ ಹಾಕದೇ ಬಿಟ್ಟ ಕೇಸು ನನ್ನ ಹತ್ತಿರ ವರ್ಷಕ್ಕೆ ಎರಡು ಮೂರು ಬರುತ್ತವೆ.

ಶಿಪ್ಪಿನವ, ಕುಂದಾಪುರ

ಮೇಡಂ, ನಮಸ್ಕಾರ. ನಾನು ಒಂಬತ್ತು ವರ್ಷ ಕ್ರೂಸ್ ಹಡಗಿನ ಗ್ಯಾಲಿಯಲ್ಲಿ, ಅಂದರೆ ಅಡುಗೆಮನೆಯಲ್ಲಿ ಕೆಲಸ ಮಾಡಿದವನು. ಈಗ ಬೆಂಗಳೂರಿನಲ್ಲಿ ಕೇಟರಿಂಗ್ ಮಾಡುತ್ತಿದ್ದೇನೆ. ನಮ್ಮ ಕಡೆ “ಮಗ ಶಿಪ್ಪಿನಲ್ಲಿದ್ದಾನೆ” ಅಂದರೆ ಮದುವೆ ಮಾತುಕತೆಯಲ್ಲಿ ಮರ್ಯಾದೆ ಜಾಸ್ತಿ. ಶಿಪ್ಪಿನಲ್ಲಿ ಅವನು ಏನು ಮಾಡುತ್ತಾನೆ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಕೆಟಲ್ ಯಾಕೆ ತೆಗೆದುಕೊಂಡರು ಅಂದರೆ ಬೆಂಕಿ. ಹಡಗಿನವರು ಬಿರುಗಾಳಿಗೆ ಅಷ್ಟು ಹೆದರುವುದಿಲ್ಲ, ಬೆಂಕಿಗೆ ಹೆದರುತ್ತಾರೆ. ಊರಿನಲ್ಲಾದರೆ ಮನೆಯಿಂದ ಹೊರಗೆ ಓಡಬಹುದು. ಅಲ್ಲಿ ಎಲ್ಲಿಗೆ ಓಡುವುದು? ಬಿಸಿಯಾಗುವ ಯಾವ ವಸ್ತುವನ್ನೂ ರೂಮಿನಲ್ಲಿ ಬಿಡುವುದಿಲ್ಲ. ಮೊದಲ ದಿನ ಎಲ್ಲರನ್ನೂ ಸೇರಿಸಿ, ಅಪಾಯ ಬಂದರೆ ಏನು ಮಾಡಬೇಕು ಅಂತ ಡ್ರಿಲ್ ಮಾಡಿಸುತ್ತಾರಲ್ಲ, ಏಳು ಸಣ್ಣ ಸೀಟಿ, ಒಂದು ಉದ್ದ ಸೀಟಿ, ಅದನ್ನು ಯಾರೂ ತಮಾಷೆ ಅಂದುಕೊಳ್ಳಬೇಡಿ. 2012ರ ಜನವರಿ 13ರಂದು ಇಟಲಿಯ ಜಿಲಿಯೋ ದ್ವೀಪದ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಅನ್ನುವ ಕ್ರೂಸ್ ಹಡಗು ಬಂಡೆಗೆ ತಾಗಿ ಮಗುಚಿತು, 32 ಜನ ಹೋದರು. ಅವತ್ತೇ ಹತ್ತಿದವರಿಗೆ ಇನ್ನೂ ಡ್ರಿಲ್ ಆಗಿರಲಿಲ್ಲ. ಆಗಿನ ನಿಯಮದಲ್ಲಿ 24 ಗಂಟೆಯೊಳಗೆ ಮಾಡಿಸಿದರೆ ಸಾಕಿತ್ತು. ಈಗ ಹಡಗು ಹೊರಡುವ ಮುಂಚೆ, ಇಲ್ಲವೇ ಹೊರಟ ಕೂಡಲೇ ಆಗಬೇಕು.

ಊಟದ ವಿಷಯ ಹೇಳುತ್ತೇನೆ. ಸಸ್ಯಾಹಾರಿಗಳು ಬಫೆಯಲ್ಲಿ ತಟ್ಟೆ ಹಿಡಿದು ಹುಡುಕುತ್ತಾ ಸುತ್ತಬೇಡಿ. ಮೊದಲ ರಾತ್ರಿ ದೊಡ್ಡ ಡೈನಿಂಗ್ ಹಾಲಿಗೆ ಹೋಗಿ ಹೆಡ್ ವೇಟರ್ ಹತ್ತಿರ “ನಾಳೆಯಿಂದ ನಮಗೆ ಇಂಡಿಯನ್ ವೆಜ್” ಅಂತ ಹೇಳಿಬಿಡಿ. ಈರುಳ್ಳಿ ಬೆಳ್ಳುಳ್ಳಿ ಬೇಡದಿದ್ದರೆ ಅದನ್ನೂ ಹೇಳಿ. ಒಳಗೆ ನಮ್ಮವರೇ ಯಾರಾದರೂ ಇರುತ್ತಾರೆ, ಮಂಗಳೂರಿನವರು, ಗೋವಾದವರು. ಮೆನುವಿನಲ್ಲಿ ಇಲ್ಲದ್ದೂ ಬರುತ್ತದೆ. ಮನೆಯಲ್ಲಿ ಮಾಡಿದ ಅಡುಗೆ ತರಬೇಡಿ. ಅಂಗಡಿಯ ಸೀಲ್ ಇರುವ ಚಟ್ನಿಪುಡಿ ಪ್ಯಾಕೆಟ್ಟಾದರೆ ಸಾಮಾನ್ಯವಾಗಿ ಬಿಡುತ್ತಾರೆ.

ಕೈಗೆ ಹಚ್ಚುವ ಸ್ಯಾನಿಟೈಸರ್ ಒಂದನ್ನೇ ನಂಬಬೇಡಿ. ಹಡಗಿನಲ್ಲಿ ವಾಂತಿಭೇದಿ ಹಬ್ಬಿಸುವ ನೋರೋವೈರಸ್ ಅದಕ್ಕೆ ಸರಿಯಾಗಿ ಬಗ್ಗುವುದಿಲ್ಲ. ಸೋಪು, ನೀರು, ಅಷ್ಟೇ.

ಟಿಪ್ಸ್ ಬಗ್ಗೆ ಮೇಡಂ ಸ್ವಲ್ಪ ಸಿಟ್ಟಾಗಿದ್ದಾರೆ. ಏಜೆಂಟ್ ಹೇಳದೇ ಇದ್ದದ್ದು ತಪ್ಪು. ಆದರೆ ಆ ದುಡ್ಡು ರೂಮ್ ಗುಡಿಸುವವರಿಗೆ, ಬಡಿಸುವವರಿಗೆ ಸಂಬಳದ ಭಾಗ. ಅಂತರರಾಷ್ಟ್ರೀಯ ನಿಯಮದಲ್ಲಿ ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ ಕನಿಷ್ಠ 77 ಗಂಟೆ ವಿಶ್ರಾಂತಿ ಕೊಡಬೇಕು ಅಂತಿದೆ. ಅದನ್ನೇ ತಿರುಗಿಸಿ ಓದಿ, ಎಷ್ಟು ಹೊತ್ತು ಕೆಲಸ ಮಾಡಿಸಬಹುದು ಅಂತ ಗೊತ್ತಾಗುತ್ತದೆ. ಏಳೆಂಟು ತಿಂಗಳ ಕಾಂಟ್ರಾಕ್ಟಿನಲ್ಲಿ ಭಾನುವಾರ ಅಂತ ಇರುವುದಿಲ್ಲ. ನನ್ನ ಮಗಳು ಮೊದಲ ಹೆಜ್ಜೆ ಇಟ್ಟದ್ದನ್ನು ನಾನು ಫೋನಿನಲ್ಲಿ ನೋಡಿದ್ದು, ಅದೂ ಮೂರು ದಿನ ಕಳೆದು, ಹಡಗು ಬಂದರಿಗೆ ಬಂದ ಮೇಲೆ.

ವಿಜಯನಗರ ಮೇಡಂ

ವಾರಕ್ಕೆ 168 ಗಂಟೆ. 77 ಕಳೆದರೆ 91. ಬೇರೆ ಏನೂ ಹೇಳಲು ತೋಚುತ್ತಿಲ್ಲ.

ನಮ್ಮ ರೂಮ್ ನೋಡಿಕೊಳ್ಳುತ್ತಿದ್ದ ಹುಡುಗ ಇಂಡೊನೇಷ್ಯಾದವನು. ದಿನಾ ಟವೆಲ್ಲಿನಲ್ಲಿ ಒಂದು ಪ್ರಾಣಿ ಮಾಡಿ ಮಂಚದ ಮೇಲಿಡುತ್ತಿದ್ದ. ಆನೆ, ಮೊಲ, ಒಂದು ದಿನ ಕೋತಿ. ನಾನು ಅವನ್ನು ಬಿಚ್ಚದೆ ಕುರ್ಚಿಯ ಮೇಲೆ ಜೋಡಿಸಿದ್ದೆ. ಈಗ ಅನ್ನಿಸುತ್ತಿದೆ, ಬಿಚ್ಚಿ ಬಳಸಿದ್ದರೆ ಅವನಿಗೆ ಒಂದಿಷ್ಟು ಟವೆಲ್ ತರುವುದು ಉಳಿಯುತ್ತಿತ್ತು.

ಒಂದು ಪ್ರಶ್ನೆ. ಥಾಯ್ಲೆಂಡ್ ಕಡೆ ರಾತ್ರಿ ಸಮುದ್ರದಲ್ಲಿ ಅಲ್ಲಲ್ಲಿ ಹಸಿರು ಬೆಳಕು ಕಾಣುತ್ತಿತ್ತು. ಸಾಲಾಗಿ, ದೂರದಲ್ಲಿ. ಅದೇನು?

ಶಿಪ್ಪಿನವ, ಕುಂದಾಪುರ

ಬೊಂಡಾಸ್, ಅಂದರೆ ಸ್ಕ್ವಿಡ್, ಹಿಡಿಯುವ ದೋಣಿಗಳು ಮೇಡಂ. ಹಸಿರು ದೀಪದ ಬೆಳಕಿಗೆ ಸಣ್ಣ ಮೀನು ಸೇರುತ್ತವೆ, ಅವನ್ನು ತಿನ್ನಲು ಬೊಂಡಾಸ್ ಮೇಲೆ ಬರುತ್ತದೆ. ನಮಗೂ ಊರಿನ ನೆನಪಾಗುತ್ತಿತ್ತು.

ಗಾಂಧಿಬಜಾರ್ ಹುಡುಗ

ನನಗೆ ಈ ಕ್ರೂಸ್ ಯಾಕೆ ಅಂತಲೇ ಅರ್ಥ ಆಗಿಲ್ಲ. ಐದು ದಿನ ಒಂದೇ ಬಿಲ್ಡಿಂಗಿನೊಳಗೆ ಕೂಡಿಹಾಕಿದ ಹಾಗೆ, ಅಲ್ವಾ? ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಅದೇನು ಹೊಸದು? ಆದರೆ ಗಾತ್ರ ನೋಡಿದರೆ ತಲೆ ತಿರುಗುತ್ತದೆ. ಟೈಟಾನಿಕ್ 46,328 ಟನ್. 2024ರ ಜನವರಿಯಲ್ಲಿ ಹೊರಟ ಐಕಾನ್ ಆಫ್ ದ ಸೀಸ್ 2,48,663 ಟನ್. ಐದು ಪಟ್ಟು ಭಾರ! ಅದು ಹೇಗೆ ತೇಲುತ್ತದೆ?

ಪೀಣ್ಯ ರಿಟೈರ್ಡ್

ನಾನು ಮೇಲೆ ಬರೆದವರ ಮನೆಯವರು. ಈ ಚರ್ಚೆಯ ವಿಷಯ ನನಗೆ ಮಗ ಹೇಳಿದ, ಇವಳು ಹೇಳಿರಲಿಲ್ಲ. ಎರಡು ತಿದ್ದುಪಡಿ ಇದೆ.

ಒಂದು. ಗಾಂಧಿಬಜಾರ್ ಹುಡುಗ, ಆ ಟನ್ ಭಾರ ಅಲ್ಲಪ್ಪ. ಗ್ರಾಸ್ ಟನೇಜ್ ಅಂದರೆ ಹಡಗಿನ ಒಳಗೆ ಎಷ್ಟು ಜಾಗ ಇದೆ ಅನ್ನುವ ಲೆಕ್ಕ. ಸಾಮಾನು ಎಷ್ಟು ಹಿಡಿಯುತ್ತದೆ ಅಂತ ಪೀಪಾಯಿ ಲೆಕ್ಕದಲ್ಲಿ ಅಳೆಯುತ್ತಿದ್ದ ಕಾಲದಿಂದ ಬಂದ ಮಾತು. ಹಡಗು ಎಷ್ಟು ತೂಗುತ್ತದೆ ಅನ್ನುವುದು ಬೇರೆ, ಅದು ಬದಿಗೆ ತಳ್ಳುವ ನೀರಿನ ತೂಕ. ಐಕಾನ್ ಮೇಲೆ ಇರುವುದು ಬಹುಪಾಲು ಗಾಳಿ ತುಂಬಿದ ರೂಮುಗಳು. ಅದಕ್ಕೇ ತೇಲುತ್ತದೆ.

ನಾನು ಇಂಜಿನ್ ರೂಮ್ ತೋರಿಸಿ ಅಂತ ಮೂರು ಸಲ ಕೇಳಿದೆ. ಮೂರು ಸಲವೂ ನಗುನಗುತ್ತಾ ಇಲ್ಲ ಅಂದರು. ಆದರೆ ನೀರಿನ ವಿಷಯ ಕೇಳಿ ತಿಳಿದುಕೊಂಡೆ. ಆ ಸಾವಿರಾರು ಜನ ಸ್ನಾನ ಮಾಡುವ ನೀರಿನಲ್ಲಿ ಹೆಚ್ಚಿನದನ್ನು ಸಮುದ್ರದ ನೀರಿನಿಂದ ಹಡಗೇ ಮಾಡಿಕೊಳ್ಳುತ್ತದೆ. ಇಂಜಿನ್ನಿನ ಬಿಸಿ ಹೇಗೂ ಸುಮ್ಮನೆ ಹೋಗುತ್ತದಲ್ಲ, ಅದರಲ್ಲಿ ನೀರನ್ನು ಆವಿ ಮಾಡಿ ತಣಿಸುತ್ತಾರೆ. ಇನ್ನೊಂದು ನಮ್ಮ ಮನೆಯ ಆರ್.ಓ. ಫಿಲ್ಟರಿನ ಅಣ್ಣ, ಅದೇ ತತ್ವ, ಗಾತ್ರ ದೊಡ್ಡದು. ಆಮೇಲೆ ಕ್ಲೋರಿನ್ ಹಾಕುತ್ತಾರೆ. ನಮ್ಮ ಬೆಂಗಳೂರಿಗೆ ಕಾವೇರಿ ನೀರನ್ನು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ತಳ್ಳಿ, ಅರ್ಧ ಕಿಲೋಮೀಟರ್ ಎತ್ತರಕ್ಕೆ ಏರಿಸಬೇಕು. 2024ರ ಬೇಸಿಗೆಯಲ್ಲಿ ನಾವು ಟ್ಯಾಂಕರಿಗೆ ಕಾದದ್ದು ನೆನಪಿದೆ. ಅಲ್ಲಿ ಷವರ್ ಕೆಳಗೆ ನಿಂತು ನನಗೆ ಅದೇ ಯೋಚನೆ. ಇವಳು ಹೊರಗಿನಿಂದ ಬಾಗಿಲು ಬಡಿದಳು.

ಮಲಾಕ್ಕಾ ಜಲಸಂಧಿಯ ಟ್ರಾಫಿಕ್ ನೋಡಬೇಕು. ಹಡಗಿನ ಹಿಂದೆ ಹಡಗು, ಹೋಗುವುದಕ್ಕೆ ಒಂದು ದಾರಿ, ಬರುವುದಕ್ಕೆ ಒಂದು ದಾರಿ. ಸಿಂಗಪುರದ ಹತ್ತಿರ ಫಿಲಿಪ್ಸ್ ಚಾನೆಲ್ ಅನ್ನುವಲ್ಲಿ ದಾರಿ ಮೂರು ಕಿ.ಮೀ.ಗಿಂತ ಕಿರಿದು. ನನ್ನ ಕಣ್ಣಿಗೆ ಅದು ಸಂಜೆ ಆರರ ಗೊರಗುಂಟೆಪಾಳ್ಯ. ಹಾರ್ನ್ ಇಲ್ಲ, ಅಷ್ಟೇ.

ಎರಡನೇ ತಿದ್ದುಪಡಿ. ಫುಕೆಟ್‌ನಲ್ಲಿ ಆದದ್ದು ಸಣ್ಣ ಗೊಂದಲ ಅಲ್ಲ.

ನನ್ನ ಕೈಯಲ್ಲಿ ಎಚ್‌ಎಂಟಿ ಜನತಾ ವಾಚ್. ಮೊದಲ ಸಂಬಳದಲ್ಲಿ ತೆಗೆದುಕೊಂಡದ್ದು. ದಿನಾ ಬೆಳಿಗ್ಗೆ ಕೀ ಕೊಡಬೇಕು. ಸಿಂಗಪುರದಲ್ಲಿ ಇಳಿದಾಗ ಎರಡೂವರೆ ಗಂಟೆ ಮುಂದೆ ತಿರುಗಿಸಿದ್ದೆ, ಆಮೇಲೆ ಮುಟ್ಟಲಿಲ್ಲ. ಹಡಗಿನವರೂ ಸಿಂಗಪುರದ ಟೈಮನ್ನೇ ಕೊನೆಯವರೆಗೂ ಇಟ್ಟುಕೊಂಡಿದ್ದರು. ಥಾಯ್ಲೆಂಡ್ ಅದಕ್ಕಿಂತ ಒಂದು ಗಂಟೆ ಹಿಂದೆ. ಫುಕೆಟ್‌ನಲ್ಲಿ ನಮ್ಮ ಹಡಗು ದಡಕ್ಕೆ ಬರಲಿಲ್ಲ. ಪಟಾಂಗ್ ಕೊಲ್ಲಿಯಲ್ಲಿ ಲಂಗರು ಹಾಕಿ, ಸಣ್ಣ ಬೋಟುಗಳಲ್ಲಿ ನಮ್ಮನ್ನು ಬಿಟ್ಟರು. ಕೊನೆಯ ಬೋಟು ಐದೂವರೆಗೆ, ಹಡಗಿನ ಟೈಮು. ಬೆಳಿಗ್ಗೆ ಮೈಕಿನಲ್ಲಿ ಹೇಳಿದ್ದರು, ರೂಮಿಗೆ ಹಾಕಿದ ಹಾಳೆಯಲ್ಲೂ ಬರೆದಿತ್ತು.

ಇವಳ ಫೋನು ದಡಕ್ಕೆ ಹೋದ ಕೂಡಲೇ ತಾನೇ ಥಾಯ್ ಟೈಮಿಗೆ ಬದಲಾಯಿತು. ನನ್ನ ವಾಚಿನಲ್ಲಿ 5:05. ನಾನು ಹೊರಡೋಣ ಅಂದೆ. ಇವಳು ಫೋನ್ ತೋರಿಸಿ, “4:05 ಆಗಿದೆ. ನಿಮ್ಮ ಡಬ್ಬಾ ವಾಚ್ ಎಸೆಯಿರಿ” ಅಂದಳು. ಬ್ಯಾಗಿನ ಅಂಗಡಿಯವನ ಜೊತೆ ಚೌಕಾಸಿ ಮುಂದುವರಿಸಿದಳು. ಗಣಿತದ ಟೀಚರ್! ಕೊನೆಗೆ ನಾನು ಹೋಗುತ್ತೇನೆ ಅಂತ ತಿರುಗಿ ನಡೆದೆ. ಮರಳಿನಲ್ಲಿ ಓಡಿದೆವು, 60 ದಾಟಿದವರು, ಚಪ್ಪಲಿ ಕೈಯಲ್ಲಿ. ಬೋಟಿನವನು ಹಗ್ಗ ಬಿಚ್ಚುತ್ತಿದ್ದ.

ಹಡಗು ಯಾರಿಗೂ ಕಾಯುವುದಿಲ್ಲ. ಬಿಟ್ಟುಹೋದರೆ ಮುಂದಿನ ಊರಿಗೆ ನಿಮ್ಮ ಖರ್ಚಿನಲ್ಲೇ ಬರಬೇಕು. ಜಾಲಹಳ್ಳಿಯ ವಾಚ್ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷ ಆಯಿತು. ಅದರ ವಾಚು ನಮ್ಮನ್ನು ಹಡಗು ಹತ್ತಿಸಿತು.

ವಿಜಯನಗರ ಮೇಡಂ

ಬಂದರಾ. ಸರಿ.

ಆ ವಾಚು ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತದೆ ಅನ್ನುವುದನ್ನು ಬರೆಯಲಿಲ್ಲ. ನನಗೆ 60 ಆಗಿಲ್ಲ ಅನ್ನುವುದನ್ನೂ ಬರೆಯಲಿಲ್ಲ. ಬ್ಯಾಗು ಇವರ ತಂಗಿಗೆ ಅನ್ನುವುದನ್ನೂ ಬರೆಯಲಿಲ್ಲ.

ಆದರೆ ತಪ್ಪು ನನ್ನದೇ. ಹೋಗುವವರು ಫೋನಿನಲ್ಲಿ ತಾನೇ ಟೈಮ್ ಬದಲಾಗುವುದನ್ನು ಆಫ್ ಮಾಡಿಕೊಳ್ಳಿ.

ಇವರು ಪೆನಾಂಗ್ ಕಥೆ ಬಿಟ್ಟಿದ್ದಾರೆ, ಅದನ್ನು ನಾನು ಹೇಳುತ್ತೇನೆ. ಅಲ್ಲಿ ಹಡಗು ನೇರ ದಡಕ್ಕೇ ನಿಲ್ಲುತ್ತದೆ. ಇಳಿದು ನಡೆದರೆ ಜಾರ್ಜ್ ಟೌನ್, 2008ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಹಳೇ ಪೇಟೆ. ಒಂದು ಕಡೆ ಚೀನೀ ಗುಡಿ, ಒಂದು ಕಡೆ ಮಸೀದಿ, ನಡುವೆ 1833ರ ಮಹಾಮಾರಿಯಮ್ಮನ ದೇವಸ್ಥಾನ. ನಾನು ಅಲ್ಲಿ ನಿಂತು ಗೋಪುರ ನೋಡುತ್ತಿದ್ದೆ. ಇವರು ಕಾಣೆ. ಹುಡುಕಿದರೆ ಲಿಟಲ್ ಇಂಡಿಯಾದ ಒಂದು ಹೋಟೆಲಿನಲ್ಲಿ ಇಡ್ಲಿ ಮುಂದೆ ಇಟ್ಟುಕೊಂಡು ಕೂತಿದ್ದಾರೆ. ಹಡಗಿನಲ್ಲಿ ಹತ್ತು ದೇಶದ ಊಟ ಪುಕ್ಕಟೆ ಇದೆ. ಇವರು ಸಮುದ್ರ ದಾಟಿ, ಕೈಯಿಂದ ದುಡ್ಡು ಕೊಟ್ಟು, ಇಡ್ಲಿ ತಿನ್ನುತ್ತಿದ್ದಾರೆ. “ಚಟ್ನಿ ನಿನ್ನಷ್ಟು ಚೆನ್ನಾಗಿಲ್ಲ” ಅಂದರು. 31 ವರ್ಷದಲ್ಲಿ ಮೊದಲ ಸಲ. ನಾನೂ ಕೂತು ಎರಡು ತಿಂದೆ.

ಕೆರೆ ಕಾವಲು

ನಿಮ್ಮಿಬ್ಬರ ಜಗಳ ಓದಲು ಚೆನ್ನಾಗಿದೆ. ಆದರೆ ಯಾರೂ ಹೇಳದ ಮಾತು ನಾನು ಹೇಳಬೇಕು. ಈ ಹಡಗುಗಳು ಸುಡುವ ಎಣ್ಣೆ ಎಷ್ಟು? ಚೆಲ್ಲುವ ಊಟ ಎಷ್ಟು? ವೆನಿಸ್ ನಗರದ ನಡುವಿನ ಕಾಲುವೆಗೆ ದೊಡ್ಡ ಕ್ರೂಸ್ ಹಡಗು ಬರಬಾರದು ಅಂತ 2021ರ ಆಗಸ್ಟ್‌ನಿಂದ ನಿಲ್ಲಿಸಿದರು, ಸುಮ್ನೆ ಅಲ್ಲ. ಬೆಳ್ಳಂದೂರು ಕೆರೆಯಲ್ಲಿ ನೊರೆ ನೋಡಿದವರು ನಾವು. ನೀರಿಗೆ ಬಿಟ್ಟದ್ದು ಎಲ್ಲಿಗೂ ಹೋಗುವುದಿಲ್ಲ ಅಂತ ನಮಗೆ ಗೊತ್ತಿರಬೇಕು.

ಶಿಪ್ಪಿನವ, ಕುಂದಾಪುರ

ನೀವು ಹೇಳುವುದರಲ್ಲಿ ಸತ್ಯ ಇದೆ. ನಿಯಮಗಳಂತೂ ಬಿಗಿ ಆಗಿವೆ. 2020ರ ಜನವರಿ 1ರಿಂದ ಹಡಗಿನ ಎಣ್ಣೆಯಲ್ಲಿ ಗಂಧಕ 0.5 ಶೇಕಡಾ ಮೀರಬಾರದು, ಮುಂಚೆ 3.5 ಇತ್ತು. ಪ್ಲಾಸ್ಟಿಕ್ ಒಂದು ಚೂರನ್ನೂ ಸಮುದ್ರಕ್ಕೆ ಹಾಕುವ ಹಾಗಿಲ್ಲ. ನಮ್ಮಲ್ಲಿ ಕಸ ಬೇರೆ ಮಾಡುವುದಕ್ಕೇ ಒಂದು ರೂಮು, ಅಲ್ಲಿ ಕೆಲಸ ಮಾಡುವವರು ಬೇರೆ. ಉಳಿದ ಊಟವನ್ನು ಅರೆದು, ದಡದಿಂದ ಕನಿಷ್ಠ ಮೂರು ನಾಟಿಕಲ್ ಮೈಲು ಆಚೆ ಬಿಡಬಹುದು. ಬಹಳಷ್ಟು ಕಡೆ 12ರ ಆಚೆಗೇ.

ಆದರೆ ಬಫೆಯಲ್ಲಿ ಜನ ತಟ್ಟೆ ತುಂಬಾ ಹಾಕಿಕೊಂಡು ಅರ್ಧ ಬಿಟ್ಟು ಏಳುವುದಕ್ಕೆ ಯಾವ ನಿಯಮವೂ ಇಲ್ಲ. ಅದನ್ನು ನಾನು ಒಂಬತ್ತು ವರ್ಷ ಕಣ್ಣಾರೆ ನೋಡಿದ್ದೇನೆ. ಮದುವೆ ಕೇಟರಿಂಗಿನಲ್ಲೂ ಅದನ್ನೇ ನೋಡುತ್ತಿದ್ದೇನೆ.

ಮೂಡಬಿದ್ರೆ ಕಾರು

ನೀವೆಲ್ಲ ಹಡಗು ಹತ್ತಿ ಬೇರೆ ಊರು ನೋಡುವ ಕಥೆ ಹೇಳುತ್ತಿದ್ದೀರಿ. ನಾವು ಆಚೆ ಕಡೆಯವರು. ನವಮಂಗಳೂರು ಬಂದರಿಗೆ ಕ್ರೂಸ್ ಹಡಗು ಬಂದ ದಿನ ನಮಗೆ ಬಾಡಿಗೆ. ಬಿಳಿ ಜನ ಇಳಿಯುತ್ತಾರೆ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಗೇರುಬೀಜದ ಕಾರ್ಖಾನೆ, ಕುದ್ರೋಳಿ ದೇವಸ್ಥಾನ, ಒಂದು ಸುತ್ತು ಮಾರುಕಟ್ಟೆ, ಸಂಜೆಗೆ ವಾಪಸ್. ಬಸದಿ 15ನೇ ಶತಮಾನದ್ದು ಅಂತ ನಾನು ಹೇಳುವಷ್ಟರಲ್ಲಿ ಅವರು ವಾಚ್ ನೋಡಿಕೊಳ್ಳುತ್ತಾರೆ. ಯಾಕೆ ಅಷ್ಟು ಅವಸರ ಅಂತ ನನಗೆ ಸಿಟ್ಟು ಬರುತ್ತಿತ್ತು. ಪೀಣ್ಯದ ಸಾರ್ ಬರೆದದ್ದು ಓದಿ ಈಗ ಗೊತ್ತಾಯಿತು.

ಮಾರತ್ತಹಳ್ಳಿ ಹೊಸಜೋಡಿ

ನನ್ನ ಹೆಂಡತಿಗೆ ಆಗುಂಬೆ ಘಾಟಿಯಲ್ಲೇ ವಾಂತಿ ಬರುತ್ತದೆ. ಹಡಗಿನಲ್ಲಿ ಗತಿ ಏನು?

ಪೀಣ್ಯ ರಿಟೈರ್ಡ್

ಮಲಾಕ್ಕಾ ಕಡೆ ಎರಡೂ ಪಕ್ಕ ನೆಲ ಇದೆ, ಅಲೆ ಕಡಿಮೆ. ನಮಗೆ ಹಡಗು ಹೊರಟದ್ದೇ ಗೊತ್ತಾಗಲಿಲ್ಲ. ರೂಮ್ ಆರಿಸುವಾಗ ಹಡಗಿನ ಉದ್ದದ ಮಧ್ಯಕ್ಕೆ, ಕೆಳಗಿನ ಮಹಡಿಯಲ್ಲಿ ನೋಡಿ. ತಕ್ಕಡಿಯ ಹಾಗೆ, ತುದಿ ಏಳುತ್ತದೆ, ಮಧ್ಯ ಅಷ್ಟು ಅಲ್ಲಾಡುವುದಿಲ್ಲ. ಹಡಗಿನ ಎರಡೂ ಪಕ್ಕ ನೀರಿನೊಳಗೆ ಮೀನಿನ ರೆಕ್ಕೆಯಂಥ ಸ್ಟೆಬಿಲೈಸರ್ ಇರುತ್ತವೆ. ಪಕ್ಕಕ್ಕೆ ಹೊರಳುವುದನ್ನು ಅವು ತಡೆಯುತ್ತವೆ. ಮುಂದೆ ಹಿಂದೆ ತೂಗುವುದನ್ನು ತಡೆಯುವುದಿಲ್ಲ.

ಕಿವಿಯ ಒಳಗಿನ ಸಮತೋಲ ಒಂದು ಹೇಳುತ್ತದೆ, ಕಣ್ಣು ಇನ್ನೊಂದು ಹೇಳುತ್ತದೆ, ಅದಕ್ಕೇ ವಾಂತಿ. ಮೇಲೆ ಹೋಗಿ ದೂರದ ಗೆರೆ ನೋಡುತ್ತಾ ನಿಂತರೆ ಎರಡೂ ಒಂದೇ ಮಾತು ಹೇಳುತ್ತವೆ. ಮಾತ್ರೆ ಬೇಕಿದ್ದರೆ ಡಾಕ್ಟರ್ ಕೇಳಿ, ವಾಂತಿ ಶುರುವಾಗುವ ಮುಂಚೆ ತೆಗೆದುಕೊಳ್ಳಬೇಕು.

ಇನ್ನೊಂದು. ಸಮುದ್ರದ ನಡುವೆ ಫೋನನ್ನು ಏರೋಪ್ಲೇನ್ ಮೋಡಿನಲ್ಲೇ ಇಡಿ. ಇಲ್ಲದಿದ್ದರೆ ಅದು ಹಡಗಿನ ಸ್ಯಾಟಲೈಟ್ ನೆಟ್‌ವರ್ಕಿಗೆ ತಾನೇ ಹತ್ತಿಕೊಳ್ಳುತ್ತದೆ. ರೋಮಿಂಗ್ ಪ್ಯಾಕ್ ಇದ್ದರೂ ಹಡಗಿನದು ಅದರಲ್ಲಿ ಸೇರಿರುವುದು ಕಡಿಮೆ. ನಮ್ಮ ಮೇಜಿನ ಚೆನ್ನೈನವರಿಗೆ ಒಂದು ರಾತ್ರಿಗೆ ನಾಲ್ಕು ಸಾವಿರ ಬಿತ್ತು, ಒಂದು ಕರೆಯನ್ನೂ ಮಾಡದೆ.

ಬಸವೇಶ್ವರನಗರ ಸೊಸೆ

ಅಕ್ಕ, ನಮ್ಮ ಅತ್ತೆಗೆ 76. ಮಂಡಿನೋವು. ತೀರಾ ಆಸೆ ಪಡುತ್ತಿದ್ದಾರೆ. ಕರೆದುಕೊಂಡು ಹೋಗಬಹುದಾ?

ವಿಜಯನಗರ ಮೇಡಂ

ಖಂಡಿತ ಹೋಗಿ. ಹಡಗಿನೊಳಗೆ ಎಲ್ಲ ಕಡೆ ಲಿಫ್ಟ್ ಇದೆ, ವೀಲ್‌ಚೇರಿನವರು ಎಷ್ಟೋ ಜನ ಇದ್ದರು. ಆದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುವುದು ದೂರ. ಲಿಫ್ಟಿನ ಹತ್ತಿರದ ರೂಮೇ ಕೇಳಿ. ಹಡಗು ದಡಕ್ಕೇ ನಿಲ್ಲುವ ಊರಿನಲ್ಲಿ ಅವರನ್ನು ಇಳಿಸಿ. ಬೋಟಿನಲ್ಲಿ ಹೋಗುವ ಕಡೆ ಬೇಡ. ಬೋಟು ಅಲೆಗೆ ಮೇಲೆ ಕೆಳಗೆ ಆಗುತ್ತಿರುತ್ತದೆ, ಸರಿಯಾದ ಕ್ಷಣ ನೋಡಿ ಕಾಲಿಡಬೇಕು. ನನಗೇ ಭಯವಾಯಿತು. ಬಾತ್‌ರೂಮಿನ ಹೊಸ್ತಿಲು ಸ್ವಲ್ಪ ಎತ್ತರ ಇರುತ್ತದೆ, ಮೊದಲ ದಿನವೇ ತೋರಿಸಿ. ಮಾತ್ರೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ಸೂಟ್‌ಕೇಸ್ ರೂಮಿಗೆ ಯಾವಾಗ ಬರುತ್ತದೋ ಹೇಳಲಾಗದು. ರೂಮಿನ ಗೋಡೆ ಕಬ್ಬಿಣದ್ದು. ಅಯಸ್ಕಾಂತದ ಕೊಕ್ಕೆ ನಾಲ್ಕು ತೆಗೆದುಕೊಂಡು ಹೋದರೆ ಅವರ ಟವೆಲ್ಲು, ಕನ್ನಡಕದ ಚೀಲ, ಜಪಸರ ಎಲ್ಲ ತೂಗುಹಾಕಬಹುದು.

ಮತ್ತೆ ನೀವೂ ಬೆಳಿಗ್ಗೆ ಐದಕ್ಕೆ ಎದ್ದು ಒಮ್ಮೆ ಮೇಲಕ್ಕೆ ಹೋಗಿ. ಅತ್ತೆ ಎದ್ದಿದ್ದರೆ ಅವರನ್ನೂ ಕರೆದುಕೊಂಡು ಹೋಗಿ.

ಸಾಕು ಇವತ್ತಿಗೆ. ನಾಳೆ ದೋಸೆ, ಅಕ್ಕಿ ನೆನೆಹಾಕಬೇಕು.

ಪೀಣ್ಯ ರಿಟೈರ್ಡ್

ಅಕ್ಕಿ ನಾನು ಆಗಲೇ ನೆನೆಹಾಕಿದ್ದೇನೆ. ನಾಲ್ಕು ಪಾವು. ಉದ್ದಿನಬೇಳೆ ಎಷ್ಟು?

ವಿಜಯನಗರ ಮೇಡಂ

ನಾಲ್ಕು ಪಾವಾ?! ಯಾರು ತಿನ್ನುವುದು, ಹಡಗಿನವರಾ?

ಉದ್ದಿನಬೇಳೆ ಒಂದು ಪಾವು. ಒಂದು ಚಮಚ ಮೆಂತ್ಯ. ಬೇರೆ ಪಾತ್ರೆಯಲ್ಲಿ.